ಚೆಕ್: ದೊರೆಯ ಹೆಸರು ಹಳ್ಳದ ಕಟ್ಟೆಗೆ ಬಂದ ಬಗೆ

ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರದ ಗೋಡೆ ಎಬ್ಬಿಸಿ ಮಳೆನೀರು ನಿಲ್ಲಿಸಿದರೆ ಅದು ಚೆಕ್ ಡ್ಯಾಂ. ಕೋಲಾರದ ಕಡೆಯ ರೈತರೂ ಹಾಗೇ ಅನ್ನುತ್ತಾರೆ, ಕೊಪ್ಪಳದ ಕಡೆಯವರೂ ಹಾಗೇ ಅನ್ನುತ್ತಾರೆ. ಪಂಚಾಯಿತಿ ಕಡತದಲ್ಲಿ, ನರೇಗಾ ಕಾಮಗಾರಿಯ ಫಲಕದಲ್ಲಿ ಅದೇ ಹೆಸರು. ಡ್ಯಾಂ ಎಂದರೇನು ಎಂದು ಯಾರೂ ಕೇಳಬೇಕಿಲ್ಲ. ಆದರೆ ಚೆಕ್ ಯಾಕೆ? ಅಲ್ಲಿ ಯಾರೂ ಏನನ್ನೂ ಚೆಕ್ ಮಾಡುವುದಿಲ್ಲ. ಗೋಡೆ ನೀರಿನ ಓಟಕ್ಕೆ ಅಡ್ಡ ನಿಲ್ಲುತ್ತದೆ, ನೀರು ನಿಂತು ಇಂಗುತ್ತದೆ, ಅಕ್ಕಪಕ್ಕದ ಬಾವಿ, ಬೋರ್‌ವೆಲ್‌ಗಳಿಗೆ ಜೀವ ಬರುತ್ತದೆ.

ಆ ಪದದ ಹಳೆಯ ಅರ್ಥವೇ ಅದು: ತಡೆ. 'ಚೆಕ್ ಮಾಡು' ಎಂದರೆ 'ಸರಿಯಿದೆಯೇ ನೋಡು' ಎಂದಷ್ಟೇ ತಿಳಿದು ನಾವು ದಿನವಿಡೀ ಆಡುವ ಈ ಮಾತು, ನೋಡುವ ಕೆಲಸಕ್ಕೆ ಬಂದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಅದು ತಡೆಯುವ ಮಾತಾಗಿತ್ತು. ಅದಕ್ಕೂ ಮೊದಲು ದೊರೆಯನ್ನು ಕರೆಯುವ ಹೆಸರಾಗಿತ್ತು.

ಚದುರಂಗ ಹುಟ್ಟಿದ್ದು ನಮ್ಮ ದೇಶದಲ್ಲಿ. 7ನೆಯ ಶತಮಾನದ ಬಾಣಭಟ್ಟ ತನ್ನ ಹರ್ಷಚರಿತದಲ್ಲಿ ಅದನ್ನು ನೆನೆಯುತ್ತಾನೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯ ಹೆಸರು ಹೊತ್ತ ಈ ಆಟ ಪಾರಸಿಕರ ಬಾಯಲ್ಲಿ 'ಚತ್ರಂಗ್' ಆಯಿತು, ಅರಬರ ಬಾಯಲ್ಲಿ 'ಶತ್ರಂಜ್' ಆಯಿತು. ಪಾರಸಿಯಲ್ಲಿ ದೊರೆಗೆ 'ಶಾಹ್' ಎನ್ನುತ್ತಾರೆ. ಎದುರಾಳಿಯ ರಾಜನಿಗೆ ನೇರ ಏಟು ಬೀಳುವಂತೆ ಕಾಯಿ ನಡೆಸಿದವನು 'ಶಾಹ್!' ಎಂದು ಕೂಗಿ ಎಚ್ಚರಿಸಬೇಕಿತ್ತು: ನಿನ್ನ ದೊರೆಯನ್ನು ನೋಡಿಕೋ. ಆ ಕೂಗು ಕೇಳಿದ ಮೇಲೆ ಎದುರಾಳಿಗೆ ಬೇರೆ ಕೆಲಸವಿಲ್ಲ. ಹೂಡಿದ ಹೂಟವನ್ನೆಲ್ಲ ಅಲ್ಲೇ ಬಿಟ್ಟು ದೊರೆಯನ್ನು ಉಳಿಸಿಕೊಳ್ಳಬೇಕು. ತಡೆ ಎಂಬ ಅರ್ಥ ಹುಟ್ಟಿದ್ದು ಆ ಗಳಿಗೆಯಲ್ಲಿ.

ಆಟ ಮುಗಿಸುವ ಕೂಗಾದ 'ಶಾಹ್ ಮಾತ್' ಎಂದರೆ 'ದೊರೆ ಸತ್ತ' ಎಂದು ಬಹಳ ಪುಸ್ತಕಗಳು ಹೇಳುತ್ತವೆ. ಅರಬ್ಬಿಯ ಕಿವಿಯಿಂದ ಕೇಳಿದರೆ ಹಾಗೆ ಕೇಳುತ್ತದೆ. ಪಾರಸಿಯ 'ಮಾತ್' ಪದಕ್ಕೆ ದಿಕ್ಕುಗೆಟ್ಟ, ಕೈಸೋತ ಎಂಬ ಅರ್ಥವಿದೆ. ನನಗೆ ಇದೇ ಸರಿ ಅನ್ನಿಸುತ್ತದೆ. ಚದುರಂಗದಲ್ಲಿ ಕಾಲಾಳು ಸಾಯುತ್ತಾನೆ, ಆನೆ ಸಾಯುತ್ತದೆ, ಮಂತ್ರಿಯೂ ಸಾಯುತ್ತಾನೆ. ರಾಜನನ್ನು ಮಾತ್ರ ಯಾರೂ ಕೊಲ್ಲುವುದಿಲ್ಲ. ಎತ್ತ ಹೆಜ್ಜೆ ಇಟ್ಟರೂ ಉಳಿವಿಲ್ಲ ಎಂಬಲ್ಲಿಗೆ ಆಟ ನಿಲ್ಲುತ್ತದೆ. ಸಾವಿಗೆ ಒಂದು ನಡೆ ಮುಂಚೆಯೇ ಮಣೆ ಮಡಚುವ ಆಟಕ್ಕೆ 'ಸತ್ತ' ಎಂಬ ಮಾತು ಒಗ್ಗುವುದಿಲ್ಲ.

ಅರಬರ ಕೈಯಿಂದ ಆಟ ಯುರೋಪಿಗೆ ದಾಟಿತು. ಶಾಹ್ ಎಂಬುದು ಲ್ಯಾಟಿನ್ನಿನಲ್ಲಿ 'ಸ್ಕಾಕುಸ್' ಆಗಿ, ಹಳೆಯ ಫ್ರೆಂಚಿನಲ್ಲಿ 'ಎಶೆಕ್' ಆಗಿ, ಇಂಗ್ಲಿಷಿನಲ್ಲಿ 'ಚೆಕ್' ಆಗಿ ನಿಂತಿತು. ಇದೇ ಫ್ರೆಂಚ್ ಪದದ ಬಹುವಚನದಿಂದ ಬಂದದ್ದು 'ಚೆಸ್'. ಅಂದರೆ ಚೆಸ್ ಮತ್ತು ಚೆಕ್ ಒಂದೇ ಪದ. ಬಿಡಿಸಿ ನೋಡಿದರೆ ಚೆಸ್ ಎಂಬ ಆಟದ ಹೆಸರಿಗೆ 'ದೊರೆಗಳು' ಎಂದರ್ಥ.

ಇಷ್ಟು ದೂರ ಸುತ್ತಿ ಬಂದ ಶಾಹ್ ನಮಗೆ ನೇರ ದಾರಿಯಲ್ಲೂ ಬಂದಿದ್ದ. ವಿಜಯಪುರದ ಆದಿಲ್ ಶಾಹಿ, ಬೀದರಿನ ಬರೀದ್ ಶಾಹಿ, ಯಾದಗಿರಿ ಜಿಲ್ಲೆಯ ಶಹಾಪುರ, ಕಲಬುರಗಿ ಜಿಲ್ಲೆಯ ಶಹಾಬಾದ್, ಕತೆಗಳಲ್ಲಿ ಬರುವ ಬಾದಶಹ, ಎಲ್ಲದರಲ್ಲೂ ಇರುವುದು ಅವನೇ. ಕನ್ನಡದೊಳಗೆ ಒಂದೇ ಪದ ಎರಡು ಬಾಗಿಲಿನಿಂದ ಬಂದಿದೆ. ಬಡಗಣ ಬಾಗಿಲಿನಿಂದ ಬಂದವನು ಊರುಗಳಿಗೆ ಹೆಸರು ಕೊಟ್ಟ. ಲಂಡನ್ನಿನ ಕಡೆಯಿಂದ ಬಂದವನು ಬ್ಯಾಂಕಿಗೆ ಹೋದ.

ಬ್ಯಾಂಕಿಗೆ ಅವನು ಹೋದ ದಾರಿ ಇಂಗ್ಲೆಂಡಿನ ರಾಜರ ಲೆಕ್ಕದ ಮನೆಯ ಮೂಲಕ ಹಾದುಹೋಗುತ್ತದೆ. ಚದುರಂಗದ ಹಾಸಿಗೆ ಹಳೆಯ ಫ್ರೆಂಚಿನಲ್ಲಿ 'ಎಶೆಕಿಯೆ' ಎನ್ನುತ್ತಿದ್ದರು. 12ನೆಯ ಶತಮಾನದಲ್ಲಿ ಆ ರಾಜರ ಕಂದಾಯದ ಲೆಕ್ಕ ನಡೆಯುತ್ತಿದ್ದ ಕಚೇರಿಗೆ ಇದೇ ಹೆಸರು ಅಂಟಿ 'ಎಕ್ಸ್‌ಚೆಕರ್' ಆಯಿತು. ಅಲ್ಲಿನ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಎಂಬುವನು 1170ರ ದಶಕದ ಕೊನೆಯಲ್ಲಿ ಆ ಕಚೇರಿಯ ಕೆಲಸದ ಬಗೆಗೇ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದ. ಗುರು ಶಿಷ್ಯರ ಪ್ರಶ್ನೋತ್ತರದ ರೂಪದಲ್ಲಿದೆ. ಅದರಲ್ಲಿ ಲೆಕ್ಕದ ಮೇಜಿನ ವಿವರ ಕಣ್ಣಿಗೆ ಕಟ್ಟಿದಂತಿದೆ: ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಮೇಲಿಟ್ಟದ್ದು ಉರುಳಿ ಬೀಳದಿರಲೆಂದು ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಅದರ ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಗೆರೆಗಳ ನಡುವಿನ ಒಂದು ಸಾಲು ಪೆನ್ನಿಗಳದು, ಮುಂದಿನದು ಶಿಲ್ಲಿಂಗುಗಳದು, ಅದರ ಮುಂದಿನದು ಪೌಂಡುಗಳದು. ಹೀಗೆ ನೂರು, ಸಾವಿರದವರೆಗೆ.

ಜಿಲ್ಲೆಯ ಕಂದಾಯ ಹೊತ್ತು ತಂದ ಶೆರಿಫ್ ಒಂದು ಕಡೆ, ಖಜಾಂಚಿ ಇನ್ನೊಂದು ಕಡೆ. ಬಾಕಿ ಎಷ್ಟು, ಕಟ್ಟಿದ್ದೆಷ್ಟು ಎಂಬುದನ್ನು ಬಟ್ಟೆಯ ಮೇಲೆ ಬಿಲ್ಲೆಗಳನ್ನಿಟ್ಟು, ಸರಿಸಿ, ತೆಗೆದು ತೋರಿಸುತ್ತಿದ್ದರು. ಚದುರಂಗದಲ್ಲಿ ಇಬ್ಬರು ದೊರೆಗಳು ಕಾದಾಡುವಂತೆ ಇಲ್ಲಿ ಇವರಿಬ್ಬರ ಕಾಳಗ ಎಂದು ಫಿಟ್ಸ್‌ನೀಲನೇ ಹೆಸರಿನ ಕಾರಣ ಕೊಡುತ್ತಾನೆ. ಬಿಲ್ಲೆಗಳೇ ಏಕೆ ಬೇಕಾದವು? ಅಲ್ಲಿನ ಲೆಕ್ಕದ ಹಾಳೆಯಲ್ಲಿದ್ದದ್ದು ರೋಮನ್ ಅಂಕಿಗಳು; ಅವುಗಳಲ್ಲಿ ಕೂಡುವುದೂ ಕಳೆಯುವುದೂ ಪ್ರಯಾಸ. ನಮ್ಮ ಚದುರಂಗ ಆಗಲೇ ಆ ನಾಡನ್ನು ಮುಟ್ಟಿತ್ತು. ನಮ್ಮ ಸೊನ್ನೆ ಮತ್ತು ಸ್ಥಾನಬೆಲೆಯ ಅಂಕಿಗಳು ಅವರ ಲೆಕ್ಕಕ್ಕೆ ಇನ್ನೂ ಒದಗಿರಲಿಲ್ಲ. ಭಾರತದಿಂದ ಹೊರಟ ಎರಡರಲ್ಲಿ ಆಟ ಮೊದಲು ತಲುಪಿ, ಗಣಿತ ಬರುವವರೆಗೆ ಅದರ ಕೆಲಸ ಮಾಡಿದ ಮೇಜಿಗೆ ತನ್ನ ಹೆಸರು ಕೊಟ್ಟಿತು. ಈ ಪದದ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಕಟ್ಟಿದ ಹಣಕ್ಕೆ ರಸೀದಿಯಾಗಿ ಹೇಝಲ್ ಮರದ ಕಡ್ಡಿ ಕೊಡುತ್ತಿದ್ದರು. ಮೊತ್ತಕ್ಕೆ ತಕ್ಕಂತೆ ಕಚ್ಚು ಹಾಕಿ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಎರಡು ಹೋಳಿನಲ್ಲೂ ಅದೇ ಕಚ್ಚುಗಳು. ಒಂದು ಕಚೇರಿಗೆ, ಒಂದು ಕಟ್ಟಿದವನಿಗೆ. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ತಾಳೆ ನೋಡುವುದು. ಯಾರೊಬ್ಬರು ಹೊಸ ಕಚ್ಚು ಕೆತ್ತಿದರೂ ಸಿಕ್ಕಿಬೀಳುತ್ತಿದ್ದರು. ಈ ಪದ್ಧತಿ 1826ರವರೆಗೂ ಉಳಿದಿತ್ತು. ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಒಲೆಗೆ ಹಾಕಿ ಸುಡಲು ಹೋಗಿಯೇ ಲಂಡನ್ನಿನ ಪಾರ್ಲಿಮೆಂಟ್ ಭವನಕ್ಕೆ ಬೆಂಕಿ ಬಿತ್ತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇವತ್ತಿಗೂ 'ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್' ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಪತಿ ರಿಷಿ ಸುನಕ್ 2020ರಿಂದ 2022ರವರೆಗೆ ಆ ಹುದ್ದೆಯಲ್ಲಿದ್ದರು.

ಬ್ಯಾಂಕಿನ ಚೆಕ್ಕಿಗೂ ಈ ಸೀಳಿದ ಕಡ್ಡಿಯ ಬುದ್ಧಿಯೇ ಆಧಾರ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೊದಲಿಗೆ ಚೆಕ್ ಎಂದು ಕರೆದದ್ದು ಹಣದ ಚೀಟಿಯನ್ನಲ್ಲ, ಅದನ್ನು ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುತ್ತಿದ್ದ ಅರ್ಧವನ್ನು. ಮೋಸವನ್ನು ತಡೆಯುವ ತುಂಡು ಎಂಬ ಕಾರಣಕ್ಕೆ ಅದಕ್ಕೆ ಆ ಹೆಸರು. ಆಮೇಲೆ ಹೆಸರು ಹರಿದುಕೊಟ್ಟ ಚೀಟಿಗೇ ಅಂಟಿತು. ಎಕ್ಸ್‌ಚೆಕರಿನ ಪ್ರಭಾವದಿಂದ ಬ್ರಿಟಿಷರು ಅದರ ಕಾಗುಣಿತ ಬದಲಿಸಿಕೊಂಡರು. ಅಮೆರಿಕದವರು ಹಳೆಯದನ್ನೇ ಉಳಿಸಿಕೊಂಡಿದ್ದಾರೆ, ಹೋಟೆಲಿನ ಬಿಲ್ಲಿಗೂ ಅವರು ಚೆಕ್ ಎಂದೇ ಹೇಳುತ್ತಾರೆ.

ನಮ್ಮಲ್ಲಿ ಈ ಚೀಟಿಗೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಬಲವಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾದರೆ ಅಪರಾಧ ಎಂಬ 138ನೆಯ ಕಲಂ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಿಂದ. ನೋಟಿಸ್ ಮುಟ್ಟಿದ 15 ದಿನದೊಳಗೆ ಹಣ ಕೊಡದಿದ್ದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಯಾವ ತಾಲ್ಲೂಕು ಕೋರ್ಟಿಗೆ ಹೋದರೂ 'ಚೆಕ್ ಬೌನ್ಸ್ ಕೇಸು' ಎಂಬ ಮಾತು ಕಿವಿಗೆ ಬೀಳುತ್ತದೆ. ಅವುಗಳ ಹಿಂದೆ ಅನೇಕ ಸಲ ಇರುವುದು ಕೈಸಾಲ: ಸಾಲ ಕೊಡುವವರು ಭದ್ರತೆಗೆಂದು ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಮೊತ್ತವನ್ನು ಆಮೇಲೆ ತಾವೇ ತುಂಬುತ್ತಾರೆ. ಮೋಸ ತಡೆಯಲೆಂದು ಹುಟ್ಟಿದ ಕಾಗದ ಮೋಸಕ್ಕೆ ಒದಗುವುದನ್ನು ಕಂಡಾಗ ಸಂಕಟವಾಗುತ್ತದೆ. ಖಾಲಿ ಚೆಕ್ಕಿಗೆ ಯಾರೂ ಸಹಿ ಹಾಕಬಾರದು.

ಬಟ್ಟೆಯಂಗಡಿಯ ಚೆಕ್ಸ್ ಬಂದದ್ದೂ ಆಟದ ಹಾಸಿನಿಂದಲೇ. ನಮ್ಮ ಹಳೆಯ ಚದುರಂಗದ ಹಾಸಾದ ಅಷ್ಟಾಪದದಲ್ಲಿ ಗೆರೆಗಳಿದ್ದವು, ಬಣ್ಣದ ಮನೆಗಳಿರಲಿಲ್ಲ. ಒಂದು ಬಿಟ್ಟು ಒಂದು ಮನೆಗೆ ಬಣ್ಣ ತುಂಬಿದವರು ಯುರೋಪಿನವರು. ಆ ಬಣ್ಣದ ಹಾಸಿನ ಹೆಸರೇ ಬಟ್ಟೆಗೂ ಬಂತು. ಕನ್ನಡದಲ್ಲಿ ಆ ನೇಯ್ಗೆಗೆ ಚೌಕಳಿ ಎಂಬ ಹೆಸರು ಮೊದಲೇ ಇತ್ತು. ಚೌಕಳಿ ಸೀರೆ ಎಂದು ಅಜ್ಜಿಯರು ಹೇಳುತ್ತಿದ್ದುದನ್ನು ಕೇಳಿದವರು ಇನ್ನೂ ಇದ್ದಾರೆ. ಅಂಗಡಿಯಲ್ಲಿ ಈಗ ಚೌಕಳಿ ಎಂದು ಕೇಳಿದರೆ ಹುಡುಗರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ.

ಇನ್ನು ನೋಡುವ ಅರ್ಥ. ಒಂದು ಲೆಕ್ಕವನ್ನು ಇನ್ನೊಂದರ ಪಕ್ಕ ಇಟ್ಟು ತಪ್ಪು, ಮೋಸಗಳನ್ನು ತಡೆಯುವುದು ಚೆಕ್ ಆಗಿತ್ತಲ್ಲ, ಹಾಗೆ ತಡೆಯಬೇಕಾದರೆ ಕಣ್ಣಿಟ್ಟು ನೋಡಲೇಬೇಕು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಆ ನೋಟವೇ ಅರ್ಥವಾಯಿತು. ಬಸ್ಸಿನ ಚೆಕಿಂಗ್‌ನಲ್ಲಿ ಎರಡೂ ಅರ್ಥ ಜೊತೆಗಿವೆ. ಊರ ಹೊರಗೆ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸುತ್ತಾರೆ, ಅದು ಹಳೆಯ ಚೆಕ್. ಹತ್ತಿ ಒಬ್ಬೊಬ್ಬರ ಟಿಕೆಟ್ ನೋಡುತ್ತಾರೆ, ಅದು ಹೊಸ ಚೆಕ್. ಚೆಕ್‌ಪೋಸ್ಟಿನಲ್ಲೂ ಹಾಗೇ, ಮೊದಲು ಅಡ್ಡಗಂಬ, ಆಮೇಲೆ ಡಿಕ್ಕಿ ತೆರೆಯುವುದು.

ಚೆಕ್ ಡ್ಯಾಂ, ಚೆಕ್‌ಪೋಸ್ಟ್, ಬ್ಯಾಂಕಿನ ಚೆಕ್ಕು, ಇವು ನಮ್ಮವೇ ಆಗಿವೆ. ಇವನ್ನು ಹೊರಗಟ್ಟಬೇಕು ಎನ್ನುವವರ ಜೊತೆ ನಾನಿಲ್ಲ. 'ತಪಾಸಣೆ' ಕೂಡ ಮರಾಠಿಯಿಂದ ಬಂದದ್ದೇ. ಬಂದು, ಉಳಿದು ಕನ್ನಡವಾಯಿತು. ನನ್ನ ಕಳವಳ ಇರುವುದು 'ಚೆಕ್ ಮಾಡು' ಎಂಬ ಕ್ರಿಯಾಪದದ ಬಗ್ಗೆ. ಅದು ಒಂದೊಂದಾಗಿ ಎಷ್ಟು ಮಾತುಗಳ ಜಾಗ ಹಿಡಿಯುತ್ತಿದೆ ನೋಡಿ. ಸಾರಿಗೆ ಉಪ್ಪು ಸಾಕೇ ಎಂದು ರುಚಿ ನೋಡುತ್ತಿದ್ದೆವು, ಈಗ ಉಪ್ಪು ಚೆಕ್ ಮಾಡುತ್ತೇವೆ. ಬೆಲ್ಲದ ಪಾಕದ ಹದ ನೋಡುತ್ತಿದ್ದೆವು, ವೈದ್ಯರು ನಾಡಿ ಹಿಡಿಯುತ್ತಿದ್ದರು, ತಾಯಿ ಮಗುವಿನ ಮೈ ಮುಟ್ಟಿ ನೋಡುತ್ತಿದ್ದಳು, ಅಕ್ಕಸಾಲಿ ಚಿನ್ನವನ್ನು ಒರೆಗೆ ಹಚ್ಚುತ್ತಿದ್ದ, ಗುಮಾಸ್ತ ಲೆಕ್ಕ ತಾಳೆ ನೋಡುತ್ತಿದ್ದ, ಮೇಷ್ಟ್ರು ಕಾಪಿ ತಿದ್ದುತ್ತಿದ್ದರು. ಇವಕ್ಕೆಲ್ಲ ಈಗ ಒಂದೇ ಮಾತು.

ಈ ಕನ್ನಡ ಮಾತುಗಳಲ್ಲಿ ಪ್ರತಿಯೊಂದೂ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿದೆ. ಹದ ನೋಡುವುದಕ್ಕೆ ನೀರಿಗೆ ಪಾಕದ ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ಹಿಡಿಯಬೇಕು. ಒರೆಗೆ ಹಚ್ಚುವುದಕ್ಕೆ ಕಲ್ಲು ಬೇಕು, ಗೆರೆ ಬೀಳಬೇಕು, ಗೆರೆಯ ಬಣ್ಣ ಬಲ್ಲ ಕಣ್ಣು ಬೇಕು. 'ಚೆಕ್ ಮಾಡು' ಎಂದಾಗ ಬೆರಳು, ಕಲ್ಲು, ನಾಲಿಗೆ ಯಾವುದೂ ನೆನಪಾಗುವುದಿಲ್ಲ. ಮನೆಯಲ್ಲಿ ಮಕ್ಕಳಿಗೆ ಹೇಳುವಾಗಲಾದರೂ ರುಚಿ ನೋಡು, ಹದ ನೋಡು, ತಾಳೆ ನೋಡು ಎಂದೇ ಹೇಳೋಣ.

ಚೆಕ್ಕು ಎಂಬ ಹೆಸರನ್ನು ಹಾಗೇ ಇಟ್ಟುಕೊಂಡು, ಅದರ ಮೇಲಿನ ಬರಹವನ್ನು ಕನ್ನಡದಲ್ಲಿ ತುಂಬಬಹುದು. ಗ್ರಾಹಕರು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಚೆಕ್ ಬರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಮುಂದಿನ ಸಲ ಹೆಸರನ್ನೂ ಮೊತ್ತವನ್ನೂ ಕನ್ನಡದಲ್ಲೇ ಬರೆದು ಕೌಂಟರಿನಲ್ಲಿ ಕೊಡಿ. ಯಾರಾದರೂ ಒಲ್ಲೆ ಎಂದರೆ ಈ ಸೂಚನೆಯನ್ನು ನೆನಪಿಸಿ.