ಹುಳುವಿಗೂ ಜ್ವರ ಬರುತ್ತಾ?

ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿರುವ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ತೊಗರಿ ಹೊಲದಿಂದ ಒಂದು ಸೂರ್ಯನ ಕುದುರೆ ಹಿಡಿದು ತಂದು, ದೊಡ್ಡ ಡಬ್ಬಿಯ ಬಾಯಿಗೆ ಸೊಳ್ಳೆ ಪರದೆ ಕಟ್ಟಿ ಸಾಕಿದ್ದಾನಂತೆ. "ಮಾಮಾ, ಮೂರು ದಿನ ಆತು, ಏನ್ ಹಾಕಿದ್ರೂ ತಿನ್ನವಲ್ದು. ಜ್ವರ ಬಂದದೇನು?" ಅಂತ ಕೇಳಿದ.

ಹುಳುವಿಗೆಂಥ ಜ್ವರ ಅಂತ ನಗಬೇಡಿ. ಹಳೇ ಮೈಸೂರು ಕಡೆಯ ರೇಷ್ಮೆ ಬೆಳೆಗಾರರು ಸರಿಯಾಗಿ ಇದೇ ಮಾತು ಬಳಸುತ್ತಾರೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತೆ. ಅದಕ್ಕೆ ಅವರು ಒಂದನೇ ಜ್ವರ, ಎರಡನೇ ಜ್ವರ ಅಂತಾರೆ. ಅದು ಕಾಯಿಲೆಯೇ ಅಲ್ಲ, ಬೆಳವಣಿಗೆ! ಸೂರ್ಯನ ಕುದುರೆಯದೂ ಇದೇ ಕಥೆ. ಮರಿಯಾಗಿದ್ದು, ಬೆನ್ನ ಮೇಲಿನ ರೆಕ್ಕೆಯ ಮೊಗ್ಗು ಉಬ್ಬಿದ್ದು, ತಲೆಕೆಳಗಾಗಿ ಜೋತು ಬಿದ್ದಿದ್ದರೆ ಪೊರೆ ಬಿಡುವ ಹೊತ್ತು ಅಂತ ಅರ್ಥ. ಆಗ ಮುಟ್ಟಬಾರದು. ಡಬ್ಬಿಯಲ್ಲಿ ಜೀವಂತ ಮಿಡತೆ ಬಿಡಬಾರದು. ಪರದೆಗೆ ಚೂರು ನೀರು ಚಿಮುಕಿಸಿದರೆ ಸಾಕು. ತೀರಾ ಒಣಗಿದ ಗಾಳಿಯಲ್ಲಿ ಪೊರೆ ಪೂರ್ತಿ ಕಳಚದೆ ಕಾಲು ಸೊಟ್ಟಗಾಗುತ್ತೆ. ರೆಕ್ಕೆ ಪೂರ್ತಿ ಬಂದ ಮೇಲೆ ಮಾತ್ರ ಇದು ಇನ್ನು ಪೊರೆ ಬಿಡುವುದಿಲ್ಲ. ಆಗ ಊಟ ಬಿಟ್ಟರೆ ಬೇರೆ ಕಾರಣ ಹುಡುಕಬೇಕು. ರಾತ್ರಿ ಕಣ್ಣು ಕಪ್ಪಾದರೆ ಹೆದರಬೇಕಿಲ್ಲ, ಕತ್ತಲಲ್ಲಿ ಅದರ ಕಣ್ಣು ಹಾಗೇ ಆಗುತ್ತೆ. ಬಾಯಿಂದ ಕಪ್ಪು ದ್ರವ ಬಂದರೆ ಮಾತ್ರ ಕಷ್ಟ.

ಇಷ್ಟು ಹೇಳಿ ಫೋನ್ ಇಟ್ಟೆ. ಆಮೇಲೆ ಇನ್ನೊಂದು ಪ್ರಶ್ನೆ ತಲೆಗೆ ಹತ್ತಿತು. ನಾಡಿ ಇಲ್ಲ, ನರಳುವುದಿಲ್ಲ, ಮೈ ಬಿಸಿಯಾಗುವುದಿಲ್ಲ. ಇಂಥ ಜೀವಕ್ಕೆ ಕಾಯಿಲೆ ಬಂದಿದೆ ಅಂತ ಮನುಷ್ಯ ಹೇಗೆ ಕಂಡುಹಿಡಿದ? ಸೂರ್ಯನ ಕುದುರೆಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ ಬಿಡಿ. ದುಡ್ಡಿದ್ದದ್ದು ರೇಷ್ಮೆ ಹುಳುವಿನಲ್ಲಿ.

ಮೊದಲು ದಾರಿ ತೋರಿಸಿದವನು ಇಟಲಿಯ ಅಗೊಸ್ಟಿನೊ ಬಾಸ್ಸಿ. ರೇಷ್ಮೆ ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗಿ ಸಾಯುವ ರೋಗಕ್ಕೆ (ನಮ್ಮಲ್ಲಿ ಸುಣ್ಣಕಟ್ಟು ರೋಗ) ಒಂದು ಶಿಲೀಂಧ್ರ ಕಾರಣ ಅಂತ 1835ರಲ್ಲಿ ಬರೆದ. ಪ್ರಾಣಿಯ ರೋಗವೊಂದಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ತೋರಿಸಿದ್ದು ಅದೇ ಮೊದಲು. ಮನುಷ್ಯರ ರೋಗಾಣುಗಳ ಕಥೆ ಶುರುವಾಗಿದ್ದೇ ಹುಳುವಿನಿಂದ ಅಂದರೆ ತಪ್ಪಿಲ್ಲ.

ಮುಂದೆ ಫ್ರಾನ್ಸಿನಲ್ಲಿ ಗಂಟುರೋಗ, ಅಂದರೆ ಪೆಬ್ರಿನ್, ಬಂತು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ. 1853ರಲ್ಲಿ 2.6 ಕೋಟಿ ಕಿಲೋ ಇದ್ದ ಗೂಡಿನ ಬೆಳೆ 1865ಕ್ಕೆ 40 ಲಕ್ಷ ಕಿಲೋಗೆ ಇಳಿಯಿತು. ಆಗ ಸರ್ಕಾರ ಕಳಿಸಿದ್ದು ಲೂಯಿ ಪಾಶ್ಚರನನ್ನು. ಆತ ರಸಾಯನಶಾಸ್ತ್ರದವನು, ರೇಷ್ಮೆ ಹುಳುವಿನ ಗಂಧಗಾಳಿ ಇಲ್ಲ. 1865ರಲ್ಲಿ ಕೀಟಗಳ ಪಂಡಿತ ಫೇಬರ್‌ನ ಮನೆಗೆ ಹೋದಾಗ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದರೊಳಗೆ ಏನೋ ಇದೆಯಲ್ಲ ಅಂತ ಬೆರಗಾದನಂತೆ. ಈ ಫೇಬರ್ ಮುಂದೆ ತಂತಿ ಬಲೆಯ ಗೂಡುಗಳಲ್ಲಿ ಸೂರ್ಯನ ಕುದುರೆಗಳನ್ನು ಸಾಕಿ, ಮಿಡತೆ ತಿನ್ನಿಸಿ, ಅವುಗಳ ಬದುಕನ್ನು ಬರೆದ. ನಮ್ಮ ಹುಡುಗನಿಗೆ ಒಳ್ಳೇ ಗುರು!

ಪಾಶ್ಚರ್ ಮೊದಲೆರಡು ವರ್ಷ ದಾರಿ ತಪ್ಪಿದ. ಸೂಕ್ಷ್ಮದರ್ಶಕದಲ್ಲಿ ಕಾಣುವ ಹೊಳೆಯುವ ಮೊಟ್ಟೆಯಾಕಾರದ ಕಣಗಳು ರೋಗದ ಕಾರಣವಲ್ಲ, ಫಲ ಅಂದುಕೊಂಡಿದ್ದ. ಕೊನೆಗೆ ಗೊತ್ತಾಯಿತು, ಆ ಕಣವೇ ಶತ್ರು, ಮತ್ತು ಅದು ತಾಯಿಯಿಂದ ಮೊಟ್ಟೆಯೊಳಗೇ ಸಾಗಿ ಬರುತ್ತೆ. ಹಾಗಾಗಿ ಮೊಟ್ಟೆ ನೋಡಿ ಫಲವಿಲ್ಲ, ಮರಿ ನೋಡುವ ಹೊತ್ತಿಗೆ ತಡವಾಗಿರುತ್ತೆ. ಅವನ ಉಪಾಯ ಹೀಗಿತ್ತು: ಪ್ರತಿ ಹೆಣ್ಣು ಚಿಟ್ಟೆಯನ್ನೂ ಬೇರೆ ಬೇರೆ ಇಟ್ಟು ಮೊಟ್ಟೆ ಇಡಿಸು. ಆಮೇಲೆ ತಾಯಿಯನ್ನು ಚೂರು ನೀರಿನಲ್ಲಿ ಅರೆದು ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಡು. ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡು. ಒಂದು ತಾಯಿಗೆ 400-500 ಮೊಟ್ಟೆ! 1868ರಲ್ಲಿ ಪಾಶ್ಚರನಿಗೆ ಪಾರ್ಶ್ವವಾಯು ಹೊಡೆಯಿತು, ಆದರೂ ಬಿಡದೆ 1870ರಲ್ಲಿ ಪುಸ್ತಕ ಪ್ರಕಟಿಸಿದ.

ನಮ್ಮ ಆಫೀಸಿನಲ್ಲಿ ಕುಸಿದು ಬಿದ್ದ ಪ್ರೋಗ್ರಾಮಿನ ಲಾಗ್ ಓದುವುದು ಇದಕ್ಕೆ ಸ್ವಲ್ಪ ಹತ್ತಿರ. ಸತ್ತದ್ದನ್ನು ಉಳಿಸಲಿಕ್ಕಲ್ಲ, ಮುಂದಿನದನ್ನು ಉಳಿಸಲಿಕ್ಕೆ. ಬಗ್ ಅಂದರೆ ಹುಳ ತಾನೇ :)

ಅದೇ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲೂ ಹುಳುಗಳು ಸಾಯತೊಡಗಿದ್ದವು. ಟಿಪ್ಪು ಬಂಗಾಳದಿಂದ ತಳಿ ತರಿಸಿ ಬೆಳೆಸಿದ ಕಸುಬು 1860ರ ದಶಕದಲ್ಲಿ ನೆಲ ಕಚ್ಚಿತು. ಡಿ ವೆಚ್ಚಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆ ತರಿಸಿ ನೋಡಿದ. ರೋಗದ ಮೂಲ ನೋಡದೆ ತಳಿ ಬದಲಿಸಿದರೆ ಎಷ್ಟು ದಿನ ನಡೆದೀತು? 1890ರ ದಶಕದಲ್ಲಿ ಜಮ್ಶೆಟ್ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಯಿತು, 'ಟಾಟಾ ಸಿಲ್ಕ್ ಫಾರ್ಮ್' ಅನ್ನುವ ಹೆಸರು ಬಸ್ ಸ್ಟಾಪಿನಲ್ಲಿ ಉಳಿದಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿತು. 1914ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ಫಾರಂ ಶುರುವಾಯಿತು. ಮುಂದೆ ಇಲಾಖೆ ನೋಡಿಕೊಂಡವರು 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು.

ಕಷ್ಟದ ಕೆಲಸ ಅಂದರೆ ರೈತನನ್ನು ಒಪ್ಪಿಸುವುದು ಅನ್ನಿಸುತ್ತೆ. ತನ್ನ ಮನೆಯಲ್ಲೇ ಚಿಟ್ಟೆ ಬಿಟ್ಟು ಮೊಟ್ಟೆ ಮಾಡಿಕೊಳ್ಳುವವನಿಗೆ, ದುಡ್ಡು ಕೊಟ್ಟು ಪರೀಕ್ಷೆಯಾದ ಮೊಟ್ಟೆ ಕೊಳ್ಳು ಅನ್ನಬೇಕು. ಬರಿಗಣ್ಣಿಗೆ ಎರಡೂ ಒಂದೇ ಥರ. ವ್ಯತ್ಯಾಸ ತಿಳಿಯುವುದು ಸಾಲ ಮಾಡಿ, ಹಗಲು ರಾತ್ರಿ ಸೊಪ್ಪು ಹಾಕಿದ ಮೇಲೆ, ಹುಳು ಹಣ್ಣಾಗದೆ ತಟ್ಟೆಯಲ್ಲೇ ಸತ್ತಾಗ. ಕೊಂಡ ಮೊಟ್ಟೆಯಲ್ಲೇ ರೋಗವಿದ್ದರೆ ಅವನು ಮಾಡಬಹುದಾದ್ದು ಏನೂ ಇಲ್ಲ. ಅದಕ್ಕೇ 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯಿದೆಗೆ ತಿದ್ದುಪಡಿ ತಂದು, ಮೊಟ್ಟೆ ತಯಾರಿಸಿ ಮಾರುವವರು ನೋಂದಣಿ ಮಾಡಿಸಲೇಬೇಕು ಅಂತ ಮಾಡಿದರು.

ಪೆಬ್ರಿನ್‌ಗೆ ಹುಳುವನ್ನು ಬದುಕಿಸುವ ಮದ್ದನ್ನು ರೈತನ ಕೈಗೆ ಇವತ್ತಿಗೂ ಯಾರೂ ಕೊಟ್ಟಿಲ್ಲ. ಬಿತ್ತನೆ ಕೋಠಿಗಳಲ್ಲಿ ಈಗಲೂ ತಾಯಿ ಚಿಟ್ಟೆಯನ್ನು ಅರೆಯುತ್ತಾರೆ. ನೀರಿನ ಜಾಗದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಬಂದಿದೆ, ಅಷ್ಟೇ. ಹನಿಯಲ್ಲಿ ಆ ಹೊಳೆಯುವ ಕಣ ಕಂಡರೆ ಮೊಟ್ಟೆ ಹಾಳೆ ಬೆಂಕಿಗೆ.