ದೈವಭಕ್ತಿ, ನಡತೆ ಮತ್ತು ಸಹಕಾರ ಸಂಘ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರ ಹುಟ್ಟಿದ ಬಗೆ ತಿಳಿಯುವುದು ಒಳ್ಳೆಯದು. ರೈತರ ಸಾಲದ ಸಂಘಗಳ ಬೇರು ಜರ್ಮನಿಯ ಹಳ್ಳಿಗಳಲ್ಲಿದೆ.

1818ರಲ್ಲಿ ಹುಟ್ಟಿದ ರೈಫೈಸನ್ ಎಂಬುವರು ಕ್ರೈಸ್ತ ಧರ್ಮದಲ್ಲಿ ಗಟ್ಟಿ ನಂಬಿಕೆ ಇದ್ದವರು. 1845ರಲ್ಲಿ ವೈಯರ್‌ಬುಶ್ ಎಂಬಲ್ಲಿ ಮೇಯರ್ ಆದರು. ನಮ್ಮ ಪಂಚಾಯ್ತಿ ಅಧ್ಯಕ್ಷರಿದ್ದ ಹಾಗೆ ಅನ್ನಿ. 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗೆಟ್ಟರು. ಇವರು ಬರೀ ಪ್ರಾರ್ಥನೆ ಮಾಡಿ ಸುಮ್ಮನೆ ಕೂರಲಿಲ್ಲ. ಉಳ್ಳವರಿಂದ ಹಣ ಕೂಡಿಸಿ, ಊರೊಟ್ಟಿನ ಒಲೆಯಲ್ಲಿ ರೊಟ್ಟಿ ಸುಡಿಸಿ, ಬಡವರಿಗೆ ಕಡವಾಗಿ ಕೊಡಿಸಿದರು. 1849ರಲ್ಲಿ ಇನ್ನೊಂದು ಊರಲ್ಲಿ ರೈತರಿಗೆ ದನ ಕೊಳ್ಳಲು ಕಂತಿನ ಸಾಲದ ವ್ಯವಸ್ಥೆ ಮಾಡಿದರು.

ಆದರೆ ಉಳ್ಳವರ ದಾನದ ಉತ್ಸಾಹ ಬಹಳ ದಿನ ನಿಲ್ಲುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ತಿಳಿಯಿತು. ಅದಕ್ಕೇ 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಸಾಲ ಪಡೆಯುವವರನ್ನೇ ಸದಸ್ಯರನ್ನಾಗಿ ಮಾಡಿ ಸಂಘ ಕಟ್ಟಿದರು. ಸಂಘದ ಸಾಲಕ್ಕೆ ಎಲ್ಲರೂ ಹೊಣೆ. ಒಬ್ಬ ಮುಳುಗಿಸಿದರೆ ಉಳಿದವರು ತುಂಬಬೇಕು. ಆದ್ದರಿಂದ ಸಂಘದ ವ್ಯಾಪ್ತಿ ಚಿಕ್ಕದಿರಬೇಕು, ಒಬ್ಬರ ನಡತೆ ಒಬ್ಬರಿಗೆ ಗೊತ್ತಿರಬೇಕು. ನಿರ್ದೇಶಕರಿಗೆ ಸಂಬಳವಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ. ಲಾಭ ಆಪದ್ಧನ ನಿಧಿಗೆ.

ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರ ತಮ್ಮ ವರದಿಗಳಲ್ಲಿ ಇದೇ ದಾರಿಯನ್ನು ನಮ್ಮ ದೇಶಕ್ಕೂ ತೋರಿಸಿದರು. 1904ರಲ್ಲಿ ಕಾನೂನು ಬಂತು. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದರು.

ಇದರಲ್ಲಿ ನಾವು ಕಲಿಯಬೇಕಾದ್ದು ಏನು? ರೈಫೈಸನ್ನರನ್ನು ಕೆಲಸಕ್ಕೆ ಎಬ್ಬಿಸಿದ್ದು ಧರ್ಮ. ಆದರೆ ಸಂಘವನ್ನು ಅವರು ಧರ್ಮದ ಮಾತಿನ ಮೇಲಷ್ಟೇ ನಿಲ್ಲಿಸಲಿಲ್ಲ, ಹೊಣೆ ಮತ್ತು ನಿಯಮದ ಮೇಲೆ ನಿಲ್ಲಿಸಿದರು. ದಿನಾ ಪೂಜೆ ಮಾಡುತ್ತಾನೆ ಅಂತ ಒಬ್ಬನ ಲೆಕ್ಕ ನೋಡದೆ ಬಿಡುವುದು ಭಕ್ತಿಯಲ್ಲ, ಸಂಘಕ್ಕೆ ಮಾಡುವ ದ್ರೋಹ. ಹಾಗೇ ನಿಯಮ ಒಂದಿದ್ದರೆ ಸಾಕು ಅನ್ನುವುದೂ ತಪ್ಪು. ಪಹಣಿ, ಜಾಮೀನು ಎಲ್ಲಾ ಸರಿಯಿದ್ದೂ ಸುಸ್ತಿಯಾಗುವ ಸಾಲ ಉಂಟು. ನೆಂಟರ ಅರ್ಜಿ ಮೇಲಕ್ಕೆ, ಬಡವನ ಅರ್ಜಿ ಕೆಳಕ್ಕೆ ಇಡುವ ಕೈಯನ್ನು ಯಾವ ಆಡಿಟರೂ ಹಿಡಿಯಲಾರ. ಅಲ್ಲಿ ಮನುಷ್ಯನ ನಡತೆಯೇ ಕಾಯಬೇಕು.

ದೇವರಿಗೆ ಮುಗಿಯುವ ಕೈಯೇ ಸಂಘದ ಪುಸ್ತಕಕ್ಕೂ ಸಹಿ ಹಾಕುತ್ತದೆ. ಯಾವ ದೇವರಾದರೇನು, ಎರಡು ಕಡೆಯೂ ಕೈ ಶುದ್ಧವಿರಲಿ. ನಿರ್ದೇಶಕರಾದ ನಮ್ಮನ್ನು ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿ. ಅದು ನಿಮ್ಮ ಹಕ್ಕು, ಸಂಘಕ್ಕೆ ರಕ್ಷೆ.