ಪ್ಲಾಟಿನಂ ಪ್ರಿಂಟು: ಕಾಂಟ್ರಾಸ್ಟ್ ಬೇಕು, ರವೆ ಬೇಡ!

ಹಳೇ ಕಪ್ಪು-ಬಿಳುಪು ಫೋಟೋ ಅಂದ ತಕ್ಷಣ ಬೆಳ್ಳಿಯ ಲವಣ ನೆನಪಾಗುತ್ತೆ. ಆದರೆ ಪ್ಲಾಟಿನಂನಲ್ಲೂ ಫೋಟೋ ಪ್ರಿಂಟ್ ಮಾಡ್ತಿದ್ದರು; ಈಗಲೂ ಕೆಲವರು ಕೈಯಾರೆ ಮಾಡ್ತಾರೆ. 1873ರಲ್ಲಿ ಇಂಗ್ಲೆಂಡಿನ ವಿಲಿಯಂ ವಿಲ್ಲಿಸ್ ಇದಕ್ಕೆ ಪೇಟೆಂಟ್ ಪಡೆದ.

ವಿಧಾನ ಕೇಳಿ. ಫೆರಿಕ್ ಆಕ್ಸಲೇಟ್ ಮತ್ತು ಪ್ಲಾಟಿನಂ ಲವಣದ ದ್ರಾವಣ ಬೆರೆಸಿ ಕಾಗದಕ್ಕೆ ಬಳಿದು ಒಣಗಿಸಬೇಕು. ಮೇಲೆ ನೆಗೆಟಿವ್ ಒತ್ತಿಟ್ಟು ಬಿಸಿಲಿಗೆ ಹಿಡಿದರೆ, ಬೆಳಕು ಬಿದ್ದ ಕಡೆ ಫೆರಿಕ್ ಕಬ್ಬಿಣ ಫೆರಸ್ ಆಗುತ್ತೆ. ಡೆವಲಪರ್‌ನಲ್ಲಿ ಆ ಫೆರಸ್ ಪ್ಲಾಟಿನಂ ಲವಣವನ್ನು ಲೋಹವಾಗಿಸುತ್ತೆ. ಚಿತ್ರ ಕಾಗದದ ನಾರಿನೊಳಗೇ ಕೂರುತ್ತೆ, ಬೂದಿಬಣ್ಣದ ಹತ್ತಾರು ಛಾಯೆಗಳ ಸಮೇತ.

ತೊಂದರೆ ಶುರುವಾಗೋದು ಇಲ್ಲೇ. ಬೆಳ್ಳಿ ಕಾಗದಕ್ಕೆ ಒಗ್ಗುವ ನೆಗೆಟಿವ್ ಇಲ್ಲಿ ಸಪ್ಪೆ ಸಪ್ಪೆ. ಕಾಂಟ್ರಾಸ್ಟ್ ಏರಿಸೋಕೆ ಹಳಬರ ಉಪಾಯ ಪೊಟ್ಯಾಸಿಯಂ ಕ್ಲೋರೇಟ್. ಅರೆಬೆಳಕಿನಲ್ಲಿ ಹುಟ್ಟಿದ ಚೂರುಪಾರು ಫೆರಸನ್ನು ಅದು ಮತ್ತೆ ಫೆರಿಕ್ ಮಾಡಿಬಿಡುತ್ತೆ, ಹಾಗಾಗಿ ಬಿಳುಪು ಬಿಳುಪಾಗೇ ಉಳಿಯುತ್ತೆ. ಆದರೆ ನಾಲ್ಕು ಹನಿ ಜಾಸ್ತಿಯಾಯ್ತೋ, ನುಣುಪಾಗಿರಬೇಕಾದ ಆಕಾಶದ ಮೇಲೆ ರವೆ ಚೆಲ್ಲಿದ ಹಾಗೆ! ಕಾಂಟ್ರಾಸ್ಟಿಗೆ ತೆರುವ ಬೆಲೆ ಅದು.

ಲಂಡನ್ನಿನ ಫ್ರೆಡೆರಿಕ್ ಎವಾನ್ಸ್ ಮೊದಲು ಪುಸ್ತಕದಂಗಡಿ ಇಟ್ಟಿದ್ದವನು. ತಿದ್ದದ, ತೀಡದ ನೆಗೆಟಿವಿನಿಂದಲೇ ಪ್ರಿಂಟ್ ಬರಬೇಕು ಅನ್ನೋದು ಅವನ ಹಟ. ಸರಿಯಾದ ಬೆಳಕಿಗಾಗಿ ಚರ್ಚುಗಳಲ್ಲಿ ಕಾಯುತ್ತಿದ್ದ. 1903ರಲ್ಲಿ ವೆಲ್ಸ್ ಕೆಥೆಡ್ರಲ್ಲಿನ ಸವೆದ ಮೆಟ್ಟಿಲುಗಳನ್ನು ತೆಗೆದ 'ಎ ಸೀ ಆಫ್ ಸ್ಟೆಪ್ಸ್' ಆ ಹಟದ ಫಲ. ಅಷ್ಟರಲ್ಲಿ 1914ರ ಯುದ್ಧ ಬಂತು. ಸ್ಫೋಟಕಗಳಿಗೆ ಬೇಕಾದ ಆಮ್ಲ ತಯಾರಿಕೆಗೆ ಪ್ಲಾಟಿನಂ ಹೋಯ್ತು, ಕಾಗದ ದುಬಾರಿಯಾಗಿ ಅಂಗಡಿಯಿಂದ ಮಾಯವಾಗತೊಡಗಿತು. ಎವಾನ್ಸ್ ಬೆಳ್ಳಿ ಕಾಗದಕ್ಕೆ ಒಗ್ಗಲಿಲ್ಲ, ಕ್ಯಾಮೆರಾವನ್ನೇ ಬದಿಗಿಟ್ಟ.

1960ರ ದಶಕದಲ್ಲಿ ಅಮೆರಿಕದ ಇರ್ವಿಂಗ್ ಪೆನ್ ಇದಕ್ಕೆ ಮತ್ತೆ ಜೀವ ಕೊಟ್ಟ. ಒಂದೇ ಕಾಗದಕ್ಕೆ ಹಲವು ಸಲ ದ್ರಾವಣ ಬಳಿದು, ಹಲವು ಸಲ ಬೆಳಕಿಗೆ ಒಡ್ಡಿದ. ಪ್ರತಿ ಸಲವೂ ಚಿತ್ರ ಕೂದಲೆಳೆಯಷ್ಟೂ ಜರುಗಬಾರದಲ್ಲ, ಅದಕ್ಕೆ ಕಾಗದವನ್ನು ಅಲ್ಯೂಮಿನಿಯಂ ತಗಡಿಗೆ ಅಂಟಿಸಿಕೊಂಡ. ಒಂದು ಬಳಿತದಲ್ಲಿ ಸಿಗದ ಗಾಢ ಕಪ್ಪು ಹೀಗೆ ಸಿಕ್ಕಿತು.

1990ರ ದಶಕದಿಂದೀಚೆಗೆ ಬಂದದ್ದು ಡಿಜಿಟಲ್ ನೆಗೆಟಿವ್. ಪ್ಲಾಟಿನಂಗೆ ಎಷ್ಟು ಕಾಂಟ್ರಾಸ್ಟ್ ಬೇಕೋ ಅಷ್ಟನ್ನು ಕಂಪ್ಯೂಟರಿನಲ್ಲೇ ಕರ್ವ್ ಎಳೆದು ಸರಿಮಾಡಿ, ಪಾರದರ್ಶಕ ಹಾಳೆಗೆ ಇಂಕ್‌ಜೆಟ್‌ನಲ್ಲಿ ಮುದ್ರಿಸೋದು. ಕ್ಲೋರೇಟಿನ ಹಂಗು ತಪ್ಪಿತು, ಅದರ ರವೆಯೂ ತಪ್ಪಿತು. ನಮ್ಮ ಸಾಫ್ಟ್‌ವೇರ್ ಮಂದಿಯ ಮಾತಲ್ಲಿ ಹೇಳೋದಾದ್ರೆ, ಬಗ್ ಹುಟ್ಟಿದ ಕಡೆಯೇ ಅದನ್ನು ಸರಿಮಾಡಿದ ಹಾಗೆ.

ನೆಗೆಟಿವ್ ಸರಿ ಇದ್ದರೆ ಔಷಧಿ ಯಾಕೆ ಬೇಕು? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎವಾನ್ಸ್ ಬೆಳಕಿಗಾಗಿ ಕಾದು ಕೂರುತ್ತಿದ್ದದ್ದೂ ಇದಕ್ಕೇ ಅಲ್ವಾ?